ಶಿಬಿರಾರ್ಥಿಯ ಕಥೆಯನ್ನು ಓದುವವರು ಯಾರು?

ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ, ಅಕಾಡೆಮಿ ಮತ್ತು ಪ್ರಾಧಿಕಾರಗಳ ಅಧ್ಯಕ್ಷರಿಗೆ, ಸಾಹಿತ್ಯ ಪರಿಷತ್ತಿನ ಜಿಲ್ಲಾ, ತಾಲ್ಲೂಕು ಘಟಕಗಳಿಗೆ, ಪ್ರತಿಷ್ಠಾನ, ಬಳಗ, ಕಾಲೇಜಿನ ಕನ್ನಡ ವಿಭಾಗ ಎಂದು ಬೇರೆ ಬೇರೆ ಹೆಸರಿನಲ್ಲಿ ಕಥಾ ಕಮ್ಮಟ, ಕಾವ್ಯ ಕಮ್ಮಟ ನಡೆಸುವ ಎಲ್ಲರಿಗೂ

ಮಾನ್ಯರೆ,

ಕಥೆ ಬರೆಯುವ ಹೊಸಬರಿಗೆಂದು ನಡೆದ ಮೂರು ದಿನಗಳ ಕಥಾ ಕಮ್ಮಟವೊಂದರ ಆಮಂತ್ರಣ ಪತ್ರಿಕೆಯನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಅದನ್ನು ನಡೆಸಿದವರು ಯಾರು ಎಂಬುದು ಬೇಡ. ಆ ಹೆಸರು ಅಳಿಸಿ ಬೇರೆ ಯಾವ ಸಂಸ್ಥೆಯ ಹೆಸರು ಬರೆದರೂ ಪತ್ರಿಕೆಯಲ್ಲಿ ಇನ್ನೊಂದಕ್ಷರ ಬದಲಾಯಿಸಬೇಕಾಗಿಲ್ಲ. ಮೊದಲ ದಿನ ಹತ್ತೂವರೆಗೆ ಉದ್ಘಾಟನೆ. ಪ್ರಾಸ್ತಾವಿಕ ನುಡಿ, ಆಶಯ ನುಡಿ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಅಧ್ಯಕ್ಷರ ಮಾತು. ಊಟವಾದ ಮೇಲೆ ‘ಕನ್ನಡ ಸಣ್ಣಕಥೆ ನಡೆದು ಬಂದ ದಾರಿ’. ಎರಡನೆಯ ದಿನವಿಡೀ ಗೋಷ್ಠಿಗಳು: ಕಥೆ ಮತ್ತು ಸಮಾಜ, ಕಥೆ ಮತ್ತು ಮಹಿಳೆ, ಕಥೆ ಮತ್ತು ಮಾಧ್ಯಮ. ಮೂರನೆಯ ದಿನ ಮಧ್ಯಾಹ್ನ 2.30ರಿಂದ 3.30ರವರೆಗೆ ‘ಶಿಬಿರಾರ್ಥಿಗಳಿಂದ ಕಥಾ ವಾಚನ ಮತ್ತು ಸಂವಾದ’. ಆಮೇಲೆ ಸಮಾರೋಪ.

ಶಿಬಿರಾರ್ಥಿಗಳು 40 ಮಂದಿ. ಲೆಕ್ಕ ಹಾಕಿದರೆ ತಲೆಗೆ ಒಂದೂವರೆ ನಿಮಿಷ, ಸಂವಾದವೂ ಸೇರಿ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು 2022ರಲ್ಲಿ ಸರ್ಕಾರ ಆದೇಶ ಹೊರಡಿಸಿತ್ತು. ಕಥೆಗಳಿಗೆ ಅಷ್ಟೂ ಸಿಗಲಿಲ್ಲ. (ಸ್ವಾಗತ ಭಾಷಣಕ್ಕೂ ಅಂಥದೊಂದು ಆದೇಶ ಬಂದರೆ ನಾಡಿನ ಅರ್ಧ ಸಾಹಿತ್ಯ ಕಾರ್ಯಕ್ರಮಗಳು ಊಟದ ಹೊತ್ತಿಗೆ ಮುಗಿದಾವು.) ಅಂದು ನಡೆದದ್ದೂ ನಿರೀಕ್ಷೆಯಂತೆಯೇ. ಬೆಳಗಿನ ಗೋಷ್ಠಿ ತಡವಾಗಿ ಮುಗಿಯಿತು, ಸಮಾರೋಪಕ್ಕೆ ಬರಬೇಕಾದ ಗಣ್ಯರು ಮೊದಲೇ ಬಂದುಬಿಟ್ಟರು. ‘ಎಲ್ಲರೂ ಮೊದಲ ಪ್ಯಾರಾ ಮಾತ್ರ ಓದಿ’ ಎಂದು ಮೈಕಿನಲ್ಲಿ ಹೇಳಿದರು. ಬ್ಯಾಗಿನಿಂದ ಹೊರತೆಗೆದ ಹಾಳೆಗಳನ್ನು ಅರ್ಧಕ್ಕರ್ಧ ಮಂದಿ ವಾಪಸ್ ಒಳಗಿಟ್ಟುಕೊಂಡರು. ಪ್ರಮಾಣಪತ್ರ ಮಾತ್ರ ಎಲ್ಲರಿಗೂ ಸಿಕ್ಕಿತು.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಕಥೆ ಬರೆಯುತ್ತೇನೆ. ಇಂಥ ಕಮ್ಮಟಗಳಲ್ಲಿ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಲ್ಲೂ ಕೂತಿದ್ದೇನೆ, ಈಚೆಗೆ ‘ಸಂಪನ್ಮೂಲ ವ್ಯಕ್ತಿ’ ಎಂದು ಕರೆಸಿಕೊಂಡು ಮೇಲಿನ ಕುರ್ಚಿಯಲ್ಲೂ ಕೂತಿದ್ದೇನೆ. ಎರಡೂ ಕಡೆಯಿಂದ ನೋಡಿದವಳಾಗಿ ನಿಮ್ಮಲ್ಲಿ ಕೇಳುವುದು ಒಂದೇ. ಕಮ್ಮಟಕ್ಕೆ ಬರುವವರು ಬರೆದದ್ದನ್ನು ಯಾರಾದರೂ ಮೊದಲೇ ಕೂತು, ಪೆನ್ಸಿಲ್ ಹಿಡಿದು, ಕೊನೆಯ ಸಾಲಿನವರೆಗೆ ಓದಿರಬೇಕು. ಉಳಿದದ್ದೆಲ್ಲ ಆಮೇಲೆ. ಅದೊಂದಿಲ್ಲದಿದ್ದರೆ ಅದನ್ನು ಕಮ್ಮಟ ಅನ್ನಬೇಡಿ, ಉಪನ್ಯಾಸ ಮಾಲೆ ಅನ್ನಿ. ಉಪನ್ಯಾಸ ಮಾಲೆಗೆ ನನ್ನ ತಕರಾರಿಲ್ಲ. ಆದರೆ ಸಣ್ಣಕಥೆ ನಡೆದು ಬಂದ ದಾರಿಯನ್ನು ಪುಸ್ತಕದಲ್ಲಿ ಓದಿಕೊಳ್ಳಬಹುದು. ನಾನು ಬರೆದ ಕಥೆ ಎಲ್ಲಿ ಎಡವಿದೆ ಎಂಬುದು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಓದಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದುಂಟು. ದಾವಣಗೆರೆ ಸೀಮೆಯಲ್ಲಿ ಕೆಲವು ಗೆಳೆಯರು ಕೈಯಿಂದ ದುಡ್ಡು ಹಾಕಿ ನಡೆಸಿದ ಸಣ್ಣ ಕಮ್ಮಟ ಅದು. ಬ್ಯಾನರ್ ಕೂಡ ಇರಲಿಲ್ಲ. ಬಂದವರು ಹತ್ತು ಹನ್ನೆರಡು ಮಂದಿ. ಅವರ ಕಥೆಗಳ ಜೆರಾಕ್ಸ್ ಪ್ರತಿ ಎಲ್ಲರ ಕೈಗೂ ವಾರದ ಮೊದಲೇ ತಲುಪಿತ್ತು. ಬಿ.ಎ. ಓದುವ ಹುಡುಗಿಯೊಬ್ಬಳ ಕಥೆ ಹೀಗೆ ಶುರುವಾಗುತ್ತಿತ್ತು: ‘ಪಡುವಣದಲ್ಲಿ ಸೂರ್ಯ ಕೆಂಬಣ್ಣ ಚೆಲ್ಲುತ್ತಾ ಮುಳುಗುತ್ತಿದ್ದ. ಹಕ್ಕಿಗಳು ಗೂಡು ಸೇರುತ್ತಿದ್ದವು. ಬಡತನದ ಬೇಗೆಯಲ್ಲಿ ಬೆಂದ ರತ್ನಮ್ಮನ ಬಾಳಿನಲ್ಲೂ ಕತ್ತಲು ಕವಿದಿತ್ತು.’ ಎರಡೂವರೆ ಪುಟ ಹೀಗೇ. ಆಮೇಲೆ ಒಂದು ಸಾಲು: ‘ರತ್ನಮ್ಮ ಸೊಸೈಟಿ ಮುಂದಿನ ಸಾಲಿನಲ್ಲಿ ಚೀಲ ಇಟ್ಟು, ಅದರ ಮೇಲೆ ಕಲ್ಲು ಹೇರಿ, ಮಗನಿಗೆ ಮಾತ್ರೆ ಕೊಡಲು ಮನೆಗೆ ಓಡಿದಳು.’

ಕಮ್ಮಟ ನಡೆಸುತ್ತಿದ್ದ ಹಿರಿಯ ಕಥೆಗಾರ್ತಿ ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಗೀಟು ಎಳೆದುಕೊಂಡು ಬಂದಿದ್ದರು. ‘ನಿನ್ನ ಕಥೆ ಇಲ್ಲಿ ಶುರುವಾಗುತ್ತೆ ಕಣಮ್ಮ, ಹಿಂದಿನದು ನೀನು ಓದಿರೋ ಕಥೆಗಳದ್ದು’ ಅಂದರು. ಹುಡುಗಿಯ ಮುಖ ಸಣ್ಣದಾಯಿತು. ಮುಂದೆ ಕಥೆಯಲ್ಲಿ ರತ್ನಮ್ಮನ ಹೆಬ್ಬೆಟ್ಟು ಮಷೀನಿಗೆ ಹತ್ತುವುದಿಲ್ಲ, ಅಕ್ಕಿ ಸಿಗದೆ ವಾಪಸಾಗುತ್ತಾಳೆ. ‘ಯಾಕೆ ಹತ್ತಲಿಲ್ಲ?’ ಎಂದು ಕೇಳಿದರು. 

‘ಬೀಡಿ ಕಟ್ತಾಳಲ್ಲ ಮೇಡಂ, ಬೆರಳಿನ ಗೆರೆ ಸವೆದಿರ್ತಾವೆ.’ 

‘ಇದನ್ಯಾಕೆ ಬರೀಲಿಲ್ಲ?’ 

‘ಅದೇನ್ ಬರ್ಯೋದು ಮೇಡಂ, ನಮ್ಮ ಕೇರಿಲಿ ಎಲ್ಲರ್ದೂ ಹಂಗೇ ಐತಲ್ಲ.’

ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. ಎಲೆ ಕತ್ತರಿಸುವುದು ಹೇಗೆ, ಒಂದು ಕಟ್ಟಿಗೆ ಎಷ್ಟು ಬೀಡಿ, ‘ರಿಜೆಕ್ಟ್’ ಅಂತ ಪಕ್ಕಕ್ಕೆ ಹಾಕಿದ್ದಕ್ಕೂ ದುಡ್ಡು ಕೊಡುತ್ತಾರಾ, ಎಂದು ಒಬ್ಬೊಬ್ಬರೂ ಕೇಳಿದರು. ಹುಡುಗಿ ಪಟಪಟ ಹೇಳುತ್ತಾ ಹೋದಳು, ಹೇಳುತ್ತಲೇ ತನ್ನ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದಳು. ಅವಳಿಗೆ ಅಂದು ಯಾರೂ ಕಥೆ ಬರೆಯುವುದನ್ನು ಕಲಿಸಲಿಲ್ಲ. ತನಗೆ ಮಾಮೂಲಾಗಿ ಕಂಡದ್ದು ಓದುವವರಿಗೆ ಮಾಮೂಲಲ್ಲ ಎಂಬುದು ಅವಳಿಗೆ ತಾನಾಗಿಯೇ ಹೊಳೆಯಿತು, ಅಷ್ಟೇ. ‘ಅನುಭವವೇ ಕಥೆಯ ಜೀವಾಳ’ ಎಂದು ವೇದಿಕೆಯಿಂದ ನೂರು ಸಲ ಹೇಳಿದರೂ ಅದು ಆಗುತ್ತಿರಲಿಲ್ಲ. ಅವಳ ಹಾಳೆಯಲ್ಲಿ ಅವಳ ಸಾಲಿನ ಪಕ್ಕ ಗೀಟು ಬೀಳಬೇಕಿತ್ತು.

‘ನಮಗೆ ಯಾವ ಕಮ್ಮಟವಿತ್ತು? ನಾವು ಬರೆಯಲಿಲ್ಲವೇ?’ ಎಂದು ಹಿರಿಯರು ಕೆಲವರು ಕೇಳುವುದುಂಟು. ಕಮ್ಮಟ ಇರಲಿಲ್ಲ ನಿಜ. ಓದುವವರು ಇದ್ದರು. ಧಾರವಾಡದಲ್ಲಿ 1922ರ ಸುಮಾರಿಗೆ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪಿನಲ್ಲಿ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಕಿವಿಗೊಡುತ್ತಿದ್ದರು. ಅದೇ ಊರಿನಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನದ ಅಟ್ಟದ ಮೇಲೆ ಮುಂದೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಂಥ ಓದುಗ ಕೂತಿದ್ದರು; ಗಿರೀಶ ಕಾರ್ನಾಡರ ಮೊದಲ ನಾಟಕ 1961ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದಲ್ಲಿ ಅಲ್ಲಿನ ಅಧ್ಯಾಪಕ ಚಿ. ಶ್ರೀನಿವಾಸರಾಜು ನಾಡಿನ ಕಾಲೇಜು ಹುಡುಗ ಹುಡುಗಿಯರಿಂದ ಕವನ ತರಿಸಿಕೊಂಡು, ಓದಿ, ಆರಿಸಿ, ಪುಸ್ತಕ ಮಾಡಿದರು. ಇಂದು ಹೆಸರು ಮಾಡಿರುವ ಕವಿಗಳಲ್ಲಿ ಎಷ್ಟೋ ಜನರ ಮೊದಲ ಪದ್ಯ ಅಚ್ಚಾದದ್ದು ಹಾಗೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಹೊಸಬರ ಬರಹವನ್ನು ಕರೆದು ಹಾಕುತ್ತಿತ್ತು. ಸಾಪ್ತಾಹಿಕ, ಮಾಸಿಕಗಳಿಗೆ ಕಥೆ ಕಳಿಸುವಾಗ ಸ್ವವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಇಡಬೇಕಿತ್ತು. ಆ ಲಕೋಟೆ ವಾಪಸ್ ಬಂದಾಗ ಕಥೆಯ ಜೊತೆ ಒಮ್ಮೊಮ್ಮೆ ಸಂಪಾದಕರ ಕೈಬರಹದ ಎರಡು ಸಾಲೂ ಇರುತ್ತಿತ್ತು: ‘ಕೊನೆ ಅವಸರದ್ದಾಯಿತು’, ‘ಇಷ್ಟೊಂದು ಪಾತ್ರ ಬೇಕೆ?’ ವಿಷಾದ ಪತ್ರವೇ ಆದರೂ ಕಥೆಯನ್ನು ಒಬ್ಬರು ಓದಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ.

ಈಗ ಮೇಲ್ ಮಾಡುತ್ತೇವೆ. ಬಂದರೆ ಭಾನುವಾರದ ಪುರವಣಿಯಲ್ಲಿ ಬಂತು, ಇಲ್ಲದಿದ್ದರೆ ಮೌನ. ಪುರವಣಿಗಳ ಪುಟ ಇಳಿದಿದೆ, ಕೂತು ಉತ್ತರ ಬರೆಯಲು ಅಲ್ಲಿರುವವರಿಗೆ ಪುರುಸೊತ್ತಿಲ್ಲ. ಅದನ್ನು ಅವರ ತಪ್ಪು ಎನ್ನುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಿದರೆ ‘ಸೂಪರ್ ಸರ್’, ‘ಚಂದದ ಬರಹ ಅಕ್ಕಾ’. ಪ್ರಕಾಶಕರಲ್ಲಿ ಸಂಪಾದಕರನ್ನು ಇಟ್ಟುಕೊಂಡವರು ಬೆರಳೆಣಿಕೆ. ಕರಡು ತಿದ್ದುವವರೇ ಸಿಗುವುದು ಕಷ್ಟ. ಹೀಗಾಗಿ ಹೊಸಬರೊಬ್ಬರ ಕಥೆ ಬರೆದ ದಿನದಿಂದ ಸಂಕಲನವಾಗಿ ಬಿಡುಗಡೆಯಾಗುವ ದಿನದವರೆಗೂ ಒಬ್ಬರ ಕಟು ಓದಿಗೂ ಸಿಕ್ಕದೆ ಪಾರಾಗಿಬಿಡಬಹುದು. ಪಾರಾಗುತ್ತಿದೆ. ಆ ಜಾಗ ತುಂಬಲು ಉಳಿದಿರುವುದು ನಿಮ್ಮ ಕಮ್ಮಟ ಮಾತ್ರ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ನಡೆಸುವ ಸಂಸ್ಕೃತಿ ಶಿಬಿರದ ಮಾತು ಬೇರೆ. ಅದು ಬರೆಯುವುದನ್ನು ಕಲಿಸುವ ಶಿಬಿರ ಎಂದು ಹೇಳಿಕೊಂಡದ್ದಿಲ್ಲ. ಆದರೂ ಅಲ್ಲಿಂದ ನೀವು ಕದಿಯಬೇಕಾದ ಒಂದು ಸಂಗತಿ ಇದೆ. ಸಂಜೆ ನಾಟಕ ನೋಡುತ್ತಾರೆ, ಮರುದಿನ ಬೆಳಗ್ಗೆ ಅದೇ ನಾಟಕದ ಬಗ್ಗೆ ಮಾತು. ಎಲ್ಲರ ಮುಂದೂ ಒಂದೇ ಕೃತಿ ಇರುತ್ತದೆ. ಯಾರು ಎಷ್ಟೇ ದೊಡ್ಡವರಾದರೂ ನಿನ್ನೆ ರಾತ್ರಿ ರಂಗದ ಮೇಲೆ ಆದದ್ದನ್ನು ಬಿಟ್ಟು ಹಾರಿದರೆ ಹಿಂದಿನ ಸಾಲಿನಿಂದ ಯಾರಾದರೂ ಎಳೆದು ತರುತ್ತಾರೆ. ನಮ್ಮ ಕಥಾ ಕಮ್ಮಟಗಳಲ್ಲಿ ಮಾತಿಗೆ ಅಂಥ ಗೂಟವೇ ಇಲ್ಲ. ಸಂಪನ್ಮೂಲ ವ್ಯಕ್ತಿ ತನಗೆ ಬಾಯಿಪಾಠವಾದ ಭಾಷಣವನ್ನೇ ಚಿತ್ರದುರ್ಗದಲ್ಲೂ ಹೇಳಬಹುದು, ಕಾರವಾರದಲ್ಲೂ ಹೇಳಬಹುದು. ನನ್ನಲ್ಲೂ ಅಂಥದೊಂದು ಭಾಷಣವಿದೆ, ಮುಕ್ಕಾಲು ಗಂಟೆಯದು, ಎರಡು ಜೋಕ್ ಸಮೇತ.

ಹಾಗೆಂದು ಅಮೆರಿಕದ ಮಾದರಿಯನ್ನು ತಂದು ನಿಲ್ಲಿಸಿ ಎನ್ನುತ್ತಿಲ್ಲ. ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾದ ರೈಟರ್ಸ್ ವರ್ಕ್‌ಶಾಪ್‌ನಿಂದ ಹಬ್ಬಿದ ಪದ್ಧತಿಯಲ್ಲಿ ಕಥೆಯನ್ನು ಎಲ್ಲರೂ ಮೊದಲೇ ಓದಿ ಬರುತ್ತಾರೆ, ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ಬಿಡುವಂತಿಲ್ಲ. ಮೊದಲರ್ಧ ನಮಗೆ ಬೇಕು. ಎರಡನೆಯದು ನಮ್ಮಲ್ಲಿ ಒಗ್ಗಲಾರದು. ಮೊದಲ ಸಲ ಮನೆ ಬಿಟ್ಟು ಬಂದ ಹುಡುಗಿಯನ್ನು ಸುಮ್ಮನಿರು ಎಂದು ಕೂರಿಸಿದರೆ ಅವಳು ಸುಮ್ಮನೇ ಇದ್ದುಬಿಡುತ್ತಾಳೆ. ಬೀಡಿಯ ಮಾತು ಹೊರಬರುತ್ತಲೇ ಇರಲಿಲ್ಲ. ಇನ್ನೊಂದು ಅಪಾಯವೂ ಇದೆ, ಇದು ನಮ್ಮದೇ. ತಿದ್ದುವ ಭರದಲ್ಲಿ ಭಾಷೆಯನ್ನು ಇಸ್ತ್ರಿ ಮಾಡಿಬಿಡುವುದು. ಕುಂದಾಪುರದ ‘ಹೋಯ್ಕ್’ ಅನ್ನುವುದನ್ನೂ ಕಲಬುರಗಿಯ ‘ಹೊಂಟೀನಿ’ ಅನ್ನುವುದನ್ನೂ ಗೀಟು ಹೊಡೆದು ‘ಹೋಗಬೇಕು’, ‘ಹೊರಟಿದ್ದೇನೆ’ ಎಂದು ಬರೆದುಕೊಟ್ಟ ಮಹನೀಯರನ್ನು ನೋಡಿದ್ದೇನೆ. ಕಾಗುಣಿತದ ತಪ್ಪಿಗೂ ಸೀಮೆಯ ನುಡಿಗೂ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಪೆನ್ಸಿಲ್ ಕೊಡಬೇಡಿ. ಆಯಾ ಸೀಮೆಯ ಒಬ್ಬ ಓದುಗರಾದರೂ ಗುಂಪಿನಲ್ಲಿರಲಿ.

ಇನ್ನು ಕಮ್ಮಟಕ್ಕೆ ಬರುವವರು ಯಾರು ಎಂಬ ವಿಷಯ. ಹಾಜರಿ ಪುಸ್ತಕ ತೆಗೆದು ನೋಡಿ. ಮುಕ್ಕಾಲು ಪಾಲು ನನ್ನಂಥ ಮೇಷ್ಟ್ರು, ಮೇಡಂಗಳು, ಉಪನ್ಯಾಸಕರು, ಕಾಲೇಜು ವಿದ್ಯಾರ್ಥಿಗಳು. ಕಾರಣ ಗುಟ್ಟಿನದೇನಲ್ಲ. ನಮಗೆ ಓಓಡಿ, ಅಂದರೆ ಅನ್ಯಕಾರ್ಯ ನಿಮಿತ್ತ ಹೋಗುವ ಸೌಲಭ್ಯ, ಸಿಗುತ್ತದೆ. ಪ್ರಮಾಣಪತ್ರ ಕೊಟ್ಟರೆ ಆ ದಿನಗಳು ರಜೆಯ ಲೆಕ್ಕಕ್ಕೆ ಬರುವುದಿಲ್ಲ. (ಪ್ರಮಾಣಪತ್ರ ಕೊಡುವ ಹೊತ್ತಿಗೆ ಸಭಾಂಗಣ ದಿಢೀರನೆ ತುಂಬುವುದು ಯಾಕೆಂದು ಈಗ ತಿಳಿಯಿತಲ್ಲ.) ಸಾರಿಗೆ ಬಸ್ಸಿನ ಕಂಡಕ್ಟರ್‌ಗೆ ಓಓಡಿ ಇಲ್ಲ. ಗಾರ್ಮೆಂಟ್ಸ್‌ಗೆ ಹೋಗುವವಳಿಗೆ ಮೂರು ದಿನ ಬಿಟ್ಟರೆ ಮೂರು ದಿನದ ಕೂಲಿಯೂ ಹೋಯಿತು, ಹಾಜರಿ ಬೋನಸ್ಸೂ ಹೋಯಿತು. ಪುಟ್ಟ ಮಗುವಿರುವ ತಾಯಿ ಬರಬೇಕೆಂದರೆ ಅತ್ತೆಯನ್ನು ಒಪ್ಪಿಸಬೇಕು, ಇಲ್ಲವೇ ಮಗುವನ್ನು ಎತ್ತಿಕೊಂಡು ಬರಬೇಕು. ಬಂದರೆ ನಿಮ್ಮ ವಸತಿಯಲ್ಲಿ ಆರು ಮಂಚದ ಡಾರ್ಮಿಟರಿ. ಅವರೆಲ್ಲ ಬರಬೇಕಾದರೆ ಕಮ್ಮಟ ಮೂರು ದಿನ ಒಂದೇ ಸಮನೆ ಇರಬೇಕೆಂಬ ಹಟ ಬಿಡಬೇಕು. ತಾಲ್ಲೂಕು ಗ್ರಂಥಾಲಯದಲ್ಲಿ ತಿಂಗಳಿಗೊಂದು ಭಾನುವಾರ, ಆರು ತಿಂಗಳು. ಊರು ಸಣ್ಣದಾದಷ್ಟೂ ಇದು ಸುಲಭ.

ವಯೋಮಿತಿಯನ್ನೂ ದಯವಿಟ್ಟು ಮತ್ತೊಮ್ಮೆ ಯೋಚಿಸಿ. 18ರಿಂದ 35, ಹೆಚ್ಚೆಂದರೆ 40. ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಯೋಜನೆಯಂಥ ಕಡೆ ಯುವ ಬರಹಗಾರರಿಗೆಂದೇ ಹಣ ಮೀಸಲಿಡುವುದು ಸರಿ. ಆದರೆ ಕಲಿಯುವುದಕ್ಕೂ ಅದೇ ಬೇಲಿ ಯಾಕೆ? ನಮ್ಮ ಹೆಣ್ಣುಮಕ್ಕಳು ಪೆನ್ನು ಹಿಡಿಯಲು ಬಿಡುವಾಗುವುದು ಮಕ್ಕಳು ಹೈಸ್ಕೂಲು ದಾಟಿದ ಮೇಲೆ. 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಮೊದಲ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಎಂಬತ್ತರ ದಶಕದಲ್ಲಿ. ಅವರಿಗಾಗಲೇ 40 ದಾಟಿತ್ತು. ಇಂದಿನ ಯಾವ ಯುವ ಬರಹಗಾರರ ಕಮ್ಮಟಕ್ಕೂ ಅವರ ಅರ್ಜಿ ಸಲ್ಲುತ್ತಿರಲಿಲ್ಲ.

ಶಿಬಿರಾರ್ಥಿಗಳ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ತನ್ನ ಕಥೆ ಓದಿಯಾದ ಮೇಲೆ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋಗಿ, ಬೇರೆಯವರದ್ದೆಲ್ಲ ಮುಗಿದ ಮೇಲೆ ಒಳಗೆ ಬರುವವರು ಪ್ರತಿ ಕಮ್ಮಟದಲ್ಲೂ ಇರುತ್ತಾರೆ. ಗುಂಪು ಫೋಟೊದಲ್ಲಿ ಮಾತ್ರ ಹಿರಿಯ ಸಾಹಿತಿಯ ಪಕ್ಕದಲ್ಲೇ ಸಿಗುತ್ತಾರೆ. ಅಂಥವರನ್ನು ಮುಂದಿನ ಸಲ ಆರಿಸಬೇಡಿ. ಬೇರೆಯವರ ಕಥೆಗೆ ಒಂದು ಪುಟದ ಟಿಪ್ಪಣಿ ಬರೆದು ತಂದವರಿಗೇ ತಮ್ಮ ಕಥೆಯ ಚರ್ಚೆ ಎಂಬ ನಿಯಮವಿದ್ದರೆ ಸಾಕು, ಜರಡಿ ತಾನೇ ಹಿಡಿಯುತ್ತದೆ.

ದುಡ್ಡಿನ ಮಾತಿಗೆ ಬರೋಣ, ಏಕೆಂದರೆ ‘ಅನುದಾನ ಕಡಿಮೆ’ ಎಂದೇ ನೀವು ಉತ್ತರಿಸುತ್ತೀರಿ. ನಾನು ಹೇಳುವುದಕ್ಕೆ ಖರ್ಚು ಕಡಿಮೆಯೇ. ಉದ್ಘಾಟನೆ ಬಿಟ್ಟುಬಿಡಿ. ಶಾಮಿಯಾನ, ಫ್ಲೆಕ್ಸು, ಸ್ಮರಣಿಕೆ, ಶಾಲು, ಹಣ್ಣಿನ ಬುಟ್ಟಿ, ಗಣ್ಯರ ಕಾರಿನ ಬಾಡಿಗೆ ಎಲ್ಲ ಉಳಿಯುತ್ತದೆ. ಆ ಹಣವನ್ನು ಓದುವವರಿಗೆ ಕೊಡಿ. ಇಂದು ಒಂದು ಗಂಟೆ ಮಾತಾಡಿದರೆ ಗೌರವಧನವಿದೆ. ರಾತ್ರಿಯೆಲ್ಲ ಕೂತು ಎಂಟು ಕಥೆ ಓದಿ ಟಿಪ್ಪಣಿ ಮಾಡಿದರೆ ಬಿಡಿಗಾಸಿಲ್ಲ, ಆ ಕೆಲಸ ನಿಮ್ಮ ಬಿಲ್ಲಿನ ಯಾವ ಕಲಮಿನಲ್ಲೂ ಕೂರುವುದಿಲ್ಲ. ‘ಹಸ್ತಪ್ರತಿ ಓದು’ ಎಂದು ಒಂದು ಬಾಬ್ತು ಸೃಷ್ಟಿಸಿ, ಕಥೆಗೆ ಇಷ್ಟು ಎಂದು ದರ ನಿಗದಿ ಮಾಡಿ. ಆಡಿಟ್‌ನವರು ಆಕ್ಷೇಪಿಸಿದರೆ ಪೆನ್ಸಿಲ್ ಗೀಟು ಬಿದ್ದ ಹಸ್ತಪ್ರತಿಯನ್ನೇ ವೋಚರ್ ಜೊತೆ ಲಗತ್ತಿಸಿ.

ಸಂಖ್ಯೆಯ ಮೋಹವನ್ನೂ ಬಿಡಿ. 40 ಮಂದಿ ಬೇಡ, 12 ಸಾಕು. ವರದಿಯಲ್ಲಿ ‘40 ಫಲಾನುಭವಿಗಳು’ ಎಂದು ಬರೆಯಲು ಅನುಕೂಲ ಎಂಬುದು ಗೊತ್ತು, ಆದರೆ ಕಥೆಗಾರರು ಫಲಾನುಭವಿಗಳಲ್ಲ. ಹಸ್ತಪ್ರತಿ ತರಿಸಿಕೊಳ್ಳುವಾಗ ‘ನುಡಿ ತಂತ್ರಾಂಶದಲ್ಲಿ ಡಿಟಿಪಿ ಮಾಡಿಸಿ ಮೂರು ಪ್ರತಿ’ ಎಂಬ ಷರತ್ತು ತೆಗೆಯಿರಿ. ಈಗಿನ ಹುಡುಗರು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲೇ ಬರೆಯುತ್ತಾರೆ. ಡಿಟಿಪಿ ಅಂಗಡಿಗೆ ಪುಟಕ್ಕಿಷ್ಟು ಎಂದು ಕೊಟ್ಟು, ಒತ್ತಕ್ಷರ ಒಡೆದ ಪ್ರತಿ ತಂದು, ನಿಮ್ಮ ಮೇಜಿನ ಮೇಲಿಡುವ ಹೊತ್ತಿಗೆ ಅರ್ಧ ಮಂದಿ ಕೈಬಿಟ್ಟಿರುತ್ತಾರೆ. ಕೈಬರಹದ್ದೂ ಬರಲಿ, ವಾಟ್ಸಾಪಿನಲ್ಲೂ ಬರಲಿ.

ಕಮ್ಮಟ ಮುಗಿದ ಮೇಲೆ ನಾಲ್ಕಾರು ತಿಂಗಳು ಬಿಟ್ಟು ಅದೇ 12 ಮಂದಿಯನ್ನು, ಅದೇ ಓದುಗರನ್ನು ಮತ್ತೊಂದು ದಿನ ಕೂರಿಸಿ, ತಿದ್ದಿ ಬರೆದ ಕಥೆಯನ್ನು ಓದಿಸಿ. ನನ್ನ ಅನುಭವದಲ್ಲಿ ಕಲಿಕೆ ನಡೆಯುವುದು ಈ ಎರಡನೆಯ ಭೇಟಿಗೆ ತಯಾರಾಗುವಾಗ. ಮೊದಲ ಸಲ ಕೇಳಿಸಿಕೊಂಡ ಮಾತಿನಲ್ಲಿ ಯಾವುದನ್ನು ಒಪ್ಪಬೇಕು, ಯಾವುದಕ್ಕೆ ‘ಇಲ್ಲ, ನನ್ನ ಕಥೆ ಹೀಗೇ ಇರಲಿ’ ಎಂದು ಹಟ ಹಿಡಿಯಬೇಕು ಎಂದು ಬರೆಯುವವರು ಒಬ್ಬರೇ ಕೂತು ತೀರ್ಮಾನಿಸುವ ತಿಂಗಳುಗಳು ಅವು. ಇಂದಿನ ಕಮ್ಮಟಗಳಲ್ಲಿ ಸಮಾರೋಪದ ರಾತ್ರಿ ‘ಕಥಾ ಬಳಗ’ ಎಂದು ವಾಟ್ಸಾಪ್ ಗುಂಪು ಮಾಡುತ್ತಾರೆ. ಹದಿನೈದು ದಿನ ಕಥೆಯ ಮಾತು, ಆಮೇಲೆ ಶುಭೋದಯ. ಚೊಚ್ಚಲ ಕೃತಿಗೆ ಆಯ್ಕೆಯಾದವರಿಗೆ ಹಣದ ಜೊತೆಗೆ ಹಸ್ತಪ್ರತಿಯನ್ನು ಅಚ್ಚಿಗೆ ಮುಂಚೆ ಓದಿಕೊಡುವ ಒಬ್ಬ ಸಂಪಾದಕರನ್ನೂ ಗೊತ್ತುಮಾಡಿದರೆ ಕಮ್ಮಟದ ಓದೂ ಪ್ರಕಟಣೆಯ ನೆರವೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಇದನ್ನೆಲ್ಲ ಮಾಡಲು ಸಮಿತಿ ರಚಿಸಿ ಅಧ್ಯಯನ ಮಾಡಿಸಬೇಡಿ. ಒಂದು ಜಿಲ್ಲೆಯಲ್ಲಿ, ಒಂದು ಕಮ್ಮಟ, ಒಂದು ಸಲ ಹೀಗೆ ಮಾಡಿ ನೋಡಿ. ಪ್ರಕಟಣೆಯಲ್ಲಿ ಉದ್ಘಾಟಕರ ಹೆಸರಿನ ಜಾಗದಲ್ಲಿ ಹಸ್ತಪ್ರತಿ ಓದುವವರ ಹೆಸರು ಹಾಕಿ, ಕಥೆ ತಲುಪಬೇಕಾದ ಕೊನೆಯ ದಿನ ಹಾಕಿ, ಟಿಪ್ಪಣಿ ವಾಪಸ್ ಬರುವ ದಿನವನ್ನೂ ಹಾಕಿ. ಓದುಗರು ಸಾಲದೆ ಬಂದರೆ ನನ್ನನ್ನೂ ಸೇರಿಸಿಕೊಳ್ಳಿ. ಭಾನುವಾರ ಮತ್ತು ಎರಡನೇ ಶನಿವಾರ ನನಗೆ ಬಿಡುವಿರುತ್ತದೆ, ಓಓಡಿ ಬೇಕಾಗಿಲ್ಲ. ಗೌರವಧನ ಕೊಡಿ, ಶಾಲು ಬೇಡ.

ಇತಿ ತಮ್ಮ ವಿಶ್ವಾಸಿ,
ಕಥೆ ಬರೆಯುವ ಒಬ್ಬ ಕನ್ನಡ ಮೇಡಂ